ಉಳಿದ ಕೊಳ್ಳಿ

ಬೆಳಗಿನ ಜಾವ ಮೂರೂವರೆಗೆ ರೆಡ್ರೂತಿನ ಇಳಿಜಾರಿನಲ್ಲಿ
ಎಚ್ಚರವಿರುವುದು ಎರಡೇ: ಸಮುದ್ರದ ಕಡೆಯ ಗಾಳಿ,
ಲವ್‌ಡೇ ಟ್ರೆಂಬಾತಳ ಬೇಕರಿಯ ಒಲೆ.
ಒಲೆಗೆ ನಾನು ಕೂಲಿಯಾಳು. ಗಾಳಿಗೆ ಯಾರೂ ಇಲ್ಲ.

ಡಿಸೆಂಬರ್ ಇಪ್ಪತ್ತನಾಲ್ಕು. ರಾತ್ರಿಯೇ
ಬಿಸಿನೀರಲ್ಲಿ ನೆನೆಹಾಕಿದ ಕೇಸರಿ ಎಳೆಗಳು
ಬಟ್ಟಲ ತುಂಬ ಬಣ್ಣ ಬಿಟ್ಟಿವೆ.
ಇದು ಇಲ್ಲಿಗೆ ಎಲ್ಲಿಂದ ಬಂತು ಅಂತ ಇವಳನ್ನು ಕೇಳಬಾರದು.
ಕೇಳಿದೆ.
"ಹಡಗಿನಲ್ಲಿ" ಎಂದಳು. "ಯೇಸು ಹುಟ್ಟುವ ಮೊದಲೇ
ತವರಕ್ಕೆ ಬಂದ ವ್ಯಾಪಾರಿಗಳು ಕೊಟ್ಟುಹೋದರು,
ಮೂಟೆ ತವರಕ್ಕೆ ಚಿಟಿಕೆ ಕೇಸರಿ."
ಒಳಗಿಂದ ಸೋದರಳಿಯ, ಟ್ರೇ ತಿಕ್ಕುತ್ತ:
"ಸುಳ್ಳು ಅತ್ತೆ, ಪ್ರವಾಸಿಗರಿಗೆ ಕಟ್ಟಿದ ಕತೆ."
ನಿಜವಾದದ್ದು ಅವನಿಗೂ ಗೊತ್ತಿಲ್ಲ. ಹಿಟ್ಟು ಉಬ್ಬುತ್ತಲೇ ಇತ್ತು.

ತವರ, ತವರು. ನಡುವೆ ಬರೀ ಒಂದು ಕೊಂಬು.
ಇವಳಿಗಿದನ್ನು ಹೇಗೆ ಹೇಳಲಿ?

ನಮ್ಮದು ಕೋಲಾರದ ಚಿನ್ನದ ಗಣಿ, ಮಾರಿಕುಪ್ಪದ ಲೈನುಮನೆ.
ಅಜ್ಜಿ ಸುಗುಣಮ್ಮ ಕ್ರಿಸ್ಮಸ್ಸಿಗೆ ಸುಡುತ್ತಿದ್ದ ಹಳದಿ ಬನ್ನು
ರಾಗಿಮುದ್ದೆಯಷ್ಟೇ ನಮ್ಮದು ಅಂತ
ಮೂವತ್ತು ವರ್ಷ ನಂಬಿದ್ದೆ.
ಇಲ್ಲಿ ತವರ ಕುಸಿದಾಗ ಅಲ್ಲಿಗೆ ಬಂದ ಗಣಿಯವರು,
ಟೋಪಿಗೆ ಮೇಣದಬತ್ತಿ ಅಂಟಿಸಿಕೊಂಡು
ನೆಲದೊಳಗೆ ನಿಂತು ಹಬ್ಬದ ಹಾಡು ಹೇಳಿದವರು,
ಅಂಥ ಯಾರದೋ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತ
ಅಜ್ಜಿಯ ಅತ್ತೆ ಕದ್ದು ಕಲಿತ ಬನ್ನು ಅದು.
ಕೇಸರಿಗೆ ಕಾಸೆಲ್ಲಿ? ಅರಿಶಿನ ಹಾಕಿದಳು.
ದ್ರಾಕ್ಷಿ ದೊರೆಗಳಿಗೆ. ನಮಗೆ ಬೆಲ್ಲದ ಚೂರು.

ಲವ್‌ಡೇ ನಕ್ಕಳು, ಮೈಯ ಹಿಟ್ಟು ಉದುರುವ ಹಾಗೆ.
ಯುದ್ಧದ ಕಾಲಕ್ಕೆ ಅವಳಮ್ಮನೂ ಹಾಕುತ್ತಿದ್ದಳಂತೆ
ಸೀಸೆಯ ಹಳದಿ ಬಣ್ಣ,
ಪಾದ್ರಿಗೂ ಅದನ್ನೇ ಬಡಿಸಿ ಹೊಗಳಿಸಿಕೊಂಡು.

ಮೇಲೆ ತೊಲೆಯಿಂದ ತೂಗುತ್ತಿದೆ ಬೆತ್ತದ ಬಳೆ,
ಸುತ್ತ ಮುಳ್ಳೆಲೆ ಹಾಲಿ, ಐವಿ, ನೆತ್ತಿಗೆ ಕೆಂಪು ಸೇಬು.
ಕೆಳಗೆ ಸಿಕ್ಕವರು ಮುತ್ತು ತೆರಬೇಕು.
ಮರ ಜರ್ಮನರದು, ನಿನ್ನೆ ಮೊನ್ನೆ ಬಂದದ್ದು,
ಇದು ಅದಕ್ಕೂ ಹಿಂದಿನದು ಎನ್ನುತ್ತಾಳೆ. ಎಷ್ಟು ಹಿಂದಿನದು?
ನೊಣ ಓಡಿಸುವ ಹಾಗೆ ಕೈ ಬೀಸುತ್ತಾಳೆ.
ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದಕ್ಕೆ
ಸಭೆಯ ಹಿರಿಯರು ತಕರಾರು ತೆಗೆದಾಗ
ಅಜ್ಜಿಯೂ ಹೀಗೇ ಬೀಸಿದ್ದಳು ಕೈಯ:
"ಎಲೆಗೂ ದೀಕ್ಷಾಸ್ನಾನ ಆಗಬೇಕಾ ಅಯ್ಯನವರೇ?"

ಏಳಕ್ಕೆಲ್ಲ ಕೇಸರಿ ಮುಗಿಯಿತು. ಕೊನೆಯ ಮುದ್ದೆಗೆ,
ಲವ್‌ಡೇ ಗಲ್ಲಾದ ಕಡೆ ತಿರುಗಿದಾಗ, ನನ್ನ ಡಬ್ಬಿ ತೆರೆದೆ.
ಒಂದೇ ಚಿಟಿಕೆ.
ಮುದುಕ ಡೆನ್ಜಿಲ್ ಆಂಗೋವ್ ಕಚ್ಚಿ, ಕಣ್ಣು ಕಿರಿದು ಮಾಡಿ,
"ಇವತ್ತೇನೋ ಎಡವಟ್ಟಾಗಿದೆ" ಎಂದ.
ಇನ್ನೆರಡು ಕಟ್ಟಿಸಿಕೊಂಡು ಹೋದ.

ರಾತ್ರಿ ಅವಳ ಮನೆಯ ಒಲೆಗೂಡಿನಲ್ಲಿ ದೊಡ್ಡ ದಿಮ್ಮಿ.
ಸುಡುವ ಮುಂಚೆ ಅದರ ಮೇಲೆ
ಸೀಮೆಸುಣ್ಣದಲ್ಲೊಬ್ಬ ಮನುಷ್ಯನನ್ನು ಬರೆಯಬೇಕು.
ಯಾರವನು?
ತೀರಿಹೋಗುವ ವರ್ಷ, ಎಂದ ಸೋದರಳಿಯ.
ಯೇಸುವಿಗೂ ಹಿಂದೆ ಯಾರಿಗೋ ಕೊಡುತ್ತಿದ್ದ ಬಲಿ, ಎಂದ ಆಂಗೋವ್.
"ಅಮ್ಮ ಬರೀತಿದ್ದಳು, ನಾನೂ ಬರೀತೀನಿ" ಎಂದ ಲವ್‌ಡೇ
ಈ ಸಲ ಸುಣ್ಣದ ತುಂಡು ನನ್ನ ಕೈಗಿಟ್ಟಳು.

ರಂಗೋಲಿ ಬಿಟ್ಟ ಮನೆಯವಳ ಕೈ. ನಡುಗಿತು.
ಕಾಲೆಳೆದೆ, ಕೈಯೆಳೆದೆ, ಬಾಗಿದ ಬೆನ್ನು.
ತಲೆ ಬರೆದು ಸುಮ್ಮನಿರಬಾರದಿತ್ತೆ,
ಹಣೆಗೊಂದು ದೀಪ.
ತಾತ ದಾವೀದಪ್ಪ ಇಳಿಯುತ್ತಿದ್ದದ್ದು ಹೀಗೆ.
ಕೊನೆಯ ಸಲ ಮೇಲೆ ಬಂದದ್ದು ಬೇರೆಯವರ ಹೆಗಲಲ್ಲಿ.

ಬೆಂಕಿ ಮೊದಲು ದೀಪವನ್ನೇ ತಿಂದಿತು.
ಯಾರೋ ಹಾಡೆತ್ತಿದರು. ರಾಗ ಗೊತ್ತಿತ್ತು.
ಮಾತು ನನಗೆ ಕನ್ನಡದಲ್ಲಿ ಬಂತು, ಯಾರೂ ತಡೆಯಲಿಲ್ಲ.

ಮಧ್ಯರಾತ್ರಿ ಲವ್‌ಡೇ ಇಕ್ಕಳದಲ್ಲಿ ಕೊಳ್ಳಿಯೊಂದನ್ನೆತ್ತಿ
ನೀರು ಚಿಮುಕಿಸಿ ಹಳೇ ಪೇಪರಿಗೆ ಸುತ್ತಿದಳು.
ಬರುವ ವರ್ಷದ ದಿಮ್ಮಿಗೆ ಇದರಿಂದಲೇ ಕಿಡಿ.
"ಎಲ್ಲಿಡಲಿ?" ಎಂದೆ.
"ನೆನಪಿರೋ ಕಡೆ."

ಅರಿಶಿನದ ಡಬ್ಬಿಯ ಪಕ್ಕ ಇಟ್ಟಿದ್ದೇನೆ.
ಪೇಪರಿನ ಮೇಲೆ ಮಸಿಯ ಬೆರಳು,
ಒಂದು ನನ್ನದು.