ಸುಟ್ಟ ಟ್ಯೂಬ್‌ಲೈಟು

ಕಡಲ ಬದಿಯಲ್ಲಿ ಒಂದು ಚಿಮಿಣಿ ಉಂಟು,
ಮುಗಿಲಿಗೆ ಹೊಗೆ ಬಿಡುವುದು.
ನಮ್ಮಲ್ಲೂ ಒಂದಿತ್ತು, ಟಾನಿಕ್ ಬಾಟಲಿಯದು,
ಮಾಡಿನ ಹೆಂಚಿಗೆ ಮಾತ್ರ ಹೊಗೆ ಬಿಡುವುದು.

ಆ ಚಿಮಿಣಿಯಿಂದ ಹೊರಟ ತಂತಿ
ಈ ಚಿಮಿಣಿಯ ನೆತ್ತಿಯ ಮೇಲೆಯೇ ಹಾದು
ಗುಡ್ಡೆ ಹತ್ತಿ, ಬೈಲು ದಾಟಿ,
ಘಟ್ಟದ ಮೇಲೆ ಎಲ್ಲಿಗೋ ಹೋಯಿತು.
ಕಡಿದ ಎರಡು ಹಲಸಿಗೆ ದುಡ್ಡು ಬಂತು.
ಕಂಬ ಬರಲಿಲ್ಲ.
ಜಾಗದ ಕಾಗದ ಸರಿಯಿಲ್ಲವಂತೆ.
ಹಲಸು ಕಡಿಯುವಾಗ ಸರಿಯಿತ್ತು.

ಬೆಳ್ಮಣ್ಣಿನ ಸೌಂಡ್ಸ್ ಅಂಗಡಿಯಿಂದ
ಜಾರಪ್ಪ ಮಾಮ ಒಂದು ಸುಟ್ಟ ಟ್ಯೂಬ್‌ಲೈಟು ತಂದ,
ಯಾರದೋ ಮದುವೆ ಮುಗಿಸಿ ಸತ್ತದ್ದು.
ರಾತ್ರಿ ತಂತಿಯ ಅಡಿಗೆ ಕರೆದುಕೊಂಡು ಹೋಗಿ
ನೆಟ್ಟಗೆ ಹಿಡಿದ, ಕೊಡೆ ಹಿಡಿದ ಹಾಗೆ.
ಸತ್ತದ್ದು ಉಸಿರಾಡಿತು.
ಹಾಲಿನ ಕೆನೆಯಷ್ಟು ಬೆಳಕು,
ಮಾಮನ ಮೀಸೆ ಕಾಣುವಷ್ಟು.
ನಾನು ಕಿರುಚಿದೆ. ಅಮ್ಮ ಅಂಗಳದಿಂದಲೇ ಕೇಳಿದಳು:
"ಕದ್ದದ್ದಲ್ಲವಾ ಅದು?"

ಅವಳಿಗೆ ಬೆಳಕು ಬೇಕಿರಲಿಲ್ಲ ಬೀಡಿ ಕಟ್ಟಲು.
ಎಲೆಯ ನರ ಬೆರಳಿಗೆ ಗೊತ್ತು,
ಹೊಗೆಸೊಪ್ಪಿನ ತೂಕ ಬೆರಳಿಗೆ ಗೊತ್ತು,
ಇಪ್ಪತ್ತೈದು ಆದ ಕೂಡಲೇ ಬೆರಳೇ ನಿಲ್ಲುತ್ತಿತ್ತು.
ಎಂಟು ಗಂಟೆಗೆ ಎಣ್ಣೆ ಉಳಿಸಲು ದೀಪ ಊದಿ,
ಸೂಪು ಬದಿಗೆ ಸರಿಸಿ,
ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚುತ್ತಿದ್ದಳು.

ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಕಂಬ ಬಂತು.
ಬಾಗಲಕೋಟೆ ಕಡೆಯ ಲೈನ್‌ಮ್ಯಾನ್ ಹುಡುಗ
"ಯವ್ವಾ, ನೀನ ಒತ್ತು" ಎಂದ.
ಅಮ್ಮ ಕೈ ತೊಳೆದು ಬಂದಳು. ಒತ್ತಿದಳು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ.
ಇಷ್ಟು ಮಸಿಯ ಕೆಳಗೆ ನಾವು ಉಂಡದ್ದಾ?
ಜೇಡನ ಬಲೆ, ಗೋಡೆಯಲ್ಲಿ ತಲೆಯೆಣ್ಣೆಯ ಗುರುತು,
ನನ್ನ ಪಾವಡೆಯ ತೇಪೆ.
"ಆರಿಸು ಆರಿಸು," ಎಂದಳು ಅಮ್ಮ,
"ನಾಳೆ ಗುಡಿಸಿದ ಮೇಲೆ ಹಾಕುವ."

ಬಿಲ್ಲಿನಲ್ಲಿ ಅವಳ ಹೆಸರು ಅಚ್ಚಾಯಿತು, ಅಕ್ಕು ಪೂಜಾರ್ತಿ.
ಅದನ್ನು ಮಡಚಿ ರೇಶನ್ ಕಾರ್ಡಿನೊಳಗೆ ಇಟ್ಟಳು.
ಬಾವಿಗೆ ಪಂಪು ಬಂತು. ನನ್ನ ಹತ್ತನೆಯದು ಪಾಸಾಯಿತು,
ಲೆಕ್ಕದಲ್ಲಿ ಮಾತ್ರ ಸ್ವಲ್ಪದರಲ್ಲಿ.
ಬ್ರಾಂಚಿನ ಇದ್ದಿನಬ್ಬ ಬ್ಯಾರಿ
ಹೊಸ ಬಲ್ಬಿನ ಸುದ್ದಿ ಕೇಳಿ ಖುಷಿಪಟ್ಟರು,
ಐನೂರು ಬೀಡಿಯ ಎಲೆ ಜಾಸ್ತಿ ಕೊಟ್ಟರು.
ಬೇಡ ಎನ್ನಲು ಅಮ್ಮನ ಬಳಿ
ಕತ್ತಲೆಯ ನೆಪ ಇರಲಿಲ್ಲ.
ಎಂಟು ಹನ್ನೊಂದಾಯಿತು.
ಕುತ್ತಿಗೆ ಒಂದು ಬದಿಗೆ ವಾಲಿತು, ಅಲ್ಲೇ ನಿಂತಿತು.

ಬಿಲ್ಲು ಈಗ ನಾನು ಕಟ್ಟುವುದು, ಫೋನಿನಲ್ಲಿ.
ಮೊನ್ನೆ ಆಟಿಯ ಗಾಳಿಗೆ ಮರ ಬಿದ್ದು
ಊರಿಡೀ ಕರೆಂಟು ಹೋಯಿತು.
ಅಟ್ಟದಿಂದ ಆ ಹಳೆಯ ಟ್ಯೂಬ್‌ಲೈಟು ಇಳಿಸಿ,
ಧೂಳು ಒರೆಸಿ, ತಂತಿಯ ಅಡಿಯಲ್ಲಿ ಎತ್ತಿ ಹಿಡಿದೆ.
ಮಿಣುಕಿತು ಅದು, ಮಾಮ ಹೋಗಿ ವರ್ಷ ಆರಾದರೂ.

ಒಳಗಿನಿಂದ ಅಮ್ಮನ ಸ್ವರ:
"ಎಂತದು ಮಗಾ ಅಲ್ಲಿ, ಬಾ ಒಳಗೆ.
ಕರೆಂಟು ಬರುವ ಮೊದಲು
ಸ್ವಲ್ಪ ಕೂತುಕೊಳ್ಳುವ."