ಹದಿನೆಂಟು ಕಿಲೋ

ಶನಿವಾರ ರಾತ್ರಿಯೇ ತೂಗಿ ಬೆನ್ನುಚೀಲಕ್ಕೆ ಸುರಿದಿಟ್ಟಿದ್ದೆ
ಹದಿನೆಂಟು ಕಿಲೋ ಶೇಂಗಾಬೀಜ.
ಹಿಮದ ಬೆಟ್ಟಕ್ಕೆ ಹೊರಬೇಕಾದ ಟೆಂಟು, ಒಲೆ, ಮೊಳೆಬೂಟು
ಎಲ್ಲ ಸೇರಿ ಅಷ್ಟೇ ಭಾರವಂತೆ.
ನಸ್ರೀನ್ ಮೇಡಂ ಅಂದಿದ್ದರು,
"ಮರಳು ತುಂಬ್ಕೋ, ಕಲ್ಲು ತುಂಬ್ಕೋ, ತೂಕ ತೂಕವೇ."
ಶೇಂಗಾ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುವವಳಿಗೆ
ಕಲ್ಲು ಹೊರುವ ಕರ್ಮ ಯಾಕೆ?
ಸಾಹುಕಾರರು ಬೀಜವನ್ನೇ ಕಡ ಕೊಟ್ಟರು,
ಸೋಮವಾರ ಬೆಳಿಗ್ಗೆ ಸರಿತೂಕ ವಾಪಸ್ ಎಂಬ ಮಾತಿನ ಮೇಲೆ.

ನಾಲ್ಕೂವರೆ. ದುರ್ಗ ಇನ್ನೂ ಕೌದಿಯೊಳಗೆ.
ತಲೆಗೆ ದೀಪ ಕಟ್ಟಿಕೊಂಡ ಆರು ಹೆಂಗಸರು
ಜೋಗಿಮಟ್ಟಿಯ ಗೇಟಿನಲ್ಲಿ.
ಟಾರು ರಸ್ತೆ ಬೇಡ ಅಂದರು ಮೇಡಂ. ಕಾಲುದಾರಿಯೂ ಬೇಡ.
ಮಳೆನೀರು ಕೊರೆದ ಹಳ್ಳವೇ ದಾರಿ.
ಮುಂದೆ ಅವರು, ಅವರ ಸೀಟಿ, ಅವರ ನೋಟ್‌ಬುಕ್ಕು.
ಎಲ್ಲರಿಗಿಂತ ಹಿಂದೆ ಫಾರೆಸ್ಟ್ ವಾಚರ್ ಪಾಲಯ್ಯ,
ಹೆಗಲಿಗೆ ಟವೆಲ್ಲು, ಕೈಗೆ ಕೋಲು, ದವಡೆಗೆ ಎಲೆಯಡಿಕೆ.

ಕಮರದ ಮುಳ್ಳು ತೋಳು ಹಿಡಿದು, ಎಲ್ಲಿಗೆ ಅಂತು.
ಬಂದರಿಕೆ ಗಿಡ ಕೆನ್ನೆಗೆ ಬಾರಿಸಿತು.
ಬೆಣಚುಕಲ್ಲು ಜಾರಿ
ಒಂದು ಹೆಜ್ಜೆ ಮೇಲೆ, ಅರ್ಧ ಹೆಜ್ಜೆ ಕೆಳಗೆ,
ದಿನಗೂಲಿಯ ಲೆಕ್ಕದ ಹಾಗೇ.
ಇಪ್ಪತ್ತೆರಡು ವರ್ಷ ಕುಕ್ಕರುಗಾಲಲ್ಲಿ ಕೂತು
ಮಂಡಿಯಲ್ಲೇ ಸವೆದ ಮಂಡಿ
ಮೊದಲ ಏರಿಗೇ ಕಟಕ್ಕೆಂದಿತು.
"ಉಸಿರು ಎಣಿಸು, ಸಣ್ಣೋಬಕ್ಕ!"
ಎಣಿಸಿದೆ. ನನಗೆ ಬರುವ ಎಣಿಕೆ ಒಂದೇ:
ಲಾಭ, ಎರಡು, ಮೂರು, ನಾಲ್ಕು...
ಲಾಭ, ಎರಡು...

ಕರಡಿ ಕೆದಕಿದ ಹುತ್ತ ದಾಟಿದೆವು, ಮಣ್ಣು ಇನ್ನೂ ಹಸಿ.
ಹಿಮವತ್ಕೇದಾರದಲ್ಲಿ ಎರಡು ನಿಮಿಷ ನಿಂತೆವು.
ಹಿಮ ಅಂದರೆ ಐಸ್‌ಕ್ಯಾಂಡಿ ಅಂತ ತಿಳಿದ ಈ ಸೀಮೆಯಲ್ಲಿ
ಯಾವ ಪುಣ್ಯಾತ್ಮ ಇಟ್ಟನೋ ಈ ಹೆಸರು!
ಕಲ್ಲಿನಿಂದ ಇಳಿವ ನೀರಿಗೆ ಬೊಗಸೆ ಒಡ್ಡಿದೆ,
ಹಲ್ಲು ಜುಮ್ಮೆಂದಿತು.
ಇರಲಿ, ಇಷ್ಟಾದರೂ ಅಭ್ಯಾಸ.

ಎರಡನೇ ಏರು ದಾಟಿದ ಮೇಲೆ ಏನೋ ಆಯಿತು.
ಬೆನ್ನು ಹಗುರಾಯಿತು.
ಕಾಲು ತಾನೇ ಕಲ್ಲು ಹುಡುಕಿಕೊಂಡಿತು.
ಮೈ ಪಳಗಿತು ಕಣೇ ಓಬಿ, ಅಂದುಕೊಂಡೆ.
ಇಪ್ಪತ್ತರ ಹುಡುಗಿಯರನ್ನು ಹಿಂದೆ ಹಾಕಿದೆ,
ಅವರ ಏದುಸಿರು ಕೇಳಿಸದಷ್ಟು ಹಿಂದೆ.
ತುದಿಯಲ್ಲಿ ಗಾಳಿಯಂತ್ರದ ರೆಕ್ಕೆಗಳ ನಡುವೆ
ಸೂರ್ಯ ಆಗ ತಾನೇ ಕಣ್ಣುಜ್ಜುತ್ತಿದ್ದ.
ಒಂದು ಗಂಟೆ ಐವತ್ತೆರಡು ನಿಮಿಷ!
ಮೇಡಂ ನನ್ನ ಹೆಸರಿನಡಿ ಎರಡು ಗೆರೆ ಎಳೆದರು.

ಇಳಿಯುವಾಗ ಕಂಡದ್ದು ಅದು.
ಹಳ್ಳದುದ್ದಕ್ಕೂ ಕೆಂಪು ಚುಕ್ಕಿ, ಕೆಂಪು ಚುಕ್ಕಿ,
ಅವುಗಳ ಹಿಂದೆ ಮೂರು ನವಿಲು
ಬಾಕಿ ವಸೂಲಿಗೆ ಬಂದವರ ಹಾಗೆ ತಲೆ ಆಡಿಸುತ್ತ.
ಬೆನ್ನುಚೀಲ ಇಳಿಸಿ ನೋಡಿದರೆ
ತಳದ ಹೊಲಿಗೆ ಬೆರಳಗಲ ಬಿಚ್ಚಿದೆ.
ಊರಿನ ಚೀಲಗಳನ್ನೆಲ್ಲ ಹೊಲಿದವಳ ಚೀಲ!

"ನೋಡಿದ್ದೆ ಕಣವ್ವ," ಅಂದ ಪಾಲಯ್ಯ,
"ಏನೋ ಹರಕೆ ಇರ್ಬೇಕು, ಬೆಟ್ಟಕ್ಕೆ ಬೀಜ ಚೆಲ್ತಾವ್ಳೆ,
ನಡುವೆ ಮಾತಾಡಿಸ್ಬಾರ್ದು ಅಂತ ಸುಮ್ಕಿದ್ದೆ."
ಹುಡುಗಿಯರು ಹೊಟ್ಟೆ ಹಿಡಿದು ಕೂತರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.
"ಹಂದಿ ಬಿಟ್ರೆ, ಮಳೆ ಬಿದ್ರೆ, ಹುಟ್ತಾವೆ ಬಿಡು,"
ಅವನದೇ ಸಮಾಧಾನ.

ಮಂಡಿಯ ತಕ್ಕಡಿ ಹನ್ನೊಂದು ಕಿಲೋ ಇನ್ನೂರು ಅಂತು.
ಮಿಕ್ಕದ್ದನ್ನು ಸಾಹುಕಾರರು ಕೂಲಿಯಲ್ಲಿ ಮುರಿದುಕೊಂಡರು.
ಮೇಡಂಗೆ ಫೋನು ಮಾಡಿ ಹೇಳಿದೆ,
ಆ ಎರಡು ಗೆರೆ ಹೊಡೆದುಹಾಕಿ ಅಂತ.
ಅತ್ತ ಕಡೆ ಪೆನ್ನಿನ ಸದ್ದು. ಏನು ಬರೆದರೋ.

ಈಗ ದಬ್ಬಳಕ್ಕೆ ಗೋಣಿದಾರ ಪೋಣಿಸಿ
ತಳಕ್ಕೆ ಜೋಡಿಹೊಲಿಗೆ ಹಾಕುತ್ತಿದ್ದೇನೆ.
ಮುಂದಿನ ಭಾನುವಾರ ಕಲ್ಲೇ ಸೈ,
ಕಲ್ಲನ್ನು ವಾಪಸ್ ಕೇಳುವವರಿಲ್ಲ.
ಆದರೆ ಆ ಎರಡನೇ ಏರಿನ ಮೇಲಿನ ಹಗುರ ಇದೆಯಲ್ಲ,
ನಿನ್ನೆಯಿಂದ ಮೆಟ್ಟಿಲು ಕಂಡರೆ ಎರಡೆರಡು ಹಾರುತ್ತಿದ್ದೇನೆ.
ಅದು ಸುಳ್ಳು ಅಂತ ಮಂಡಿಯ ತಕ್ಕಡಿಗೆ ಗೊತ್ತು.
ನನ್ನ ಮಂಡಿಗೆ
ಇನ್ನೂ ಯಾರೂ ಹೇಳಿಲ್ಲ.