ಅಂಚು

ಮೂವತ್ತೊಂದು ವರ್ಷ ವಡಾಳಾ ಡಿಪೋದ ಬಸ್ಸಿನಲ್ಲಿ
ಚಿಲ್ಲರೆ ಕೇಳಿದವನು ನಾನು, ಚಿಲ್ಲರೆ ಕೊಟ್ಟವನು.
ತೊಗಲಚೀಲದೊಳಗೆ ಕೈ ಇಳಿಬಿಟ್ಟರೆ ಸಾಕು,
ಬೆರಳೇ ಹೇಳುತ್ತಿತ್ತು: ಇದು ಎಂಟಾಣೆ,
ಇದು ಸವೆದ ನಾಲ್ಕಾಣೆ,
ಇದು ಗದ್ದಲದಲ್ಲಿ ಯಾರೋ ದಾಟಿಸಿದ ಸೀಸದ ಬಿಲ್ಲೆ.
ಪಾಳಿ ಮುಗಿದಾಗ ನನ್ನ ಜೇಬಿನದೊಂದು ರೂಪಾಯಿ ಚೀಲಕ್ಕೆ,
ಚೀಲದ ವಿಚಿತ್ರದ್ದೊಂದು ನನ್ನ ಜೇಬಿಗೆ.
ಲೆಕ್ಕ ಸರಿ, ಕಳವಲ್ಲ.
ಹೀಗೆ ತುಂಬಿದವು ಹದಿನಾರು ಬಿಸ್ಕೀಟು ಡಬ್ಬಿ.

ಈಗ ಭಾನುವಾರ ಚಾಳಿನ ಮೂರನೇ ಮಾಳಿಗೆಗೆ
ಹುಡುಗರು ಮುಷ್ಟಿ ಬಿಗಿದುಕೊಂಡು ಹತ್ತಿ ಬರುತ್ತಾರೆ,
ಬಾಗಿಲಲ್ಲೇ ಬಿಚ್ಚುತ್ತಾರೆ:
"ಕಾಕಾ, ಇದಕ್ಕೆ ಎಷ್ಟು ಬರುತ್ತೆ?"

ಮೊದಲೆಲ್ಲ ಹೇಳಿಬಿಡುತ್ತಿದ್ದೆ. ಹೇಳುವುದೂ ಒಂದು ಸುಖ,
ಟಿಕೀಟು ಹರಿದು ಕೊಟ್ಟ ಹಾಗೆ;
ಕೊಟ್ಟೆ, ಮುಂದಿನ ಸೀಟಿಗೆ ಸರಿದೆ.
ನಾಯಗಾಂವ್‌ನ ಪ್ರಸೇನಜಿತ್ ಒಂದು ವರ್ಷ ಕೇಳಿದ,
ಒಂದು ವರ್ಷ ಹೇಳಿದೆ.
ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡ.
ಆಮೇಲೊಂದು ಸಂಜೆ ಫೋರ್ಟಿನ ಫುಟ್‌ಪಾತಿನಲ್ಲಿ
ವಹಿಯಲ್ಲಿಲ್ಲದ ನಾಣ್ಯ ಕಂಡಿತವನಿಗೆ,
ಕಂಪನಿ ಸರಕಾರದ್ದಂತೆ, ಒಂದು ಕಡೆ ಹನುಮಂತ.
ಅಪ್ಪನ ಬೋನಸ್ಸಿನ ಆರು ಸಾವಿರ ಸುರಿದು ತಂದ.
ನನ್ನ ಅಂಗೈ ಸುಳ್ಳು ಹೇಳಲಿಲ್ಲ: ಹಗುರ.
ಅಂಚಿನ ಸುತ್ತ ಎರಕದ ಗೆರೆ,
ಎರಡು ಅಚ್ಚು ಕೂಡಿದ ಕಡೆ ಬಿದ್ದ ಹೊಲಿಗೆ.
ಹೋದ ಮಳೆಗಾಲದ ಹಿತ್ತಾಳೆ, ಅಂದೆ.
ಅದೊಂದನ್ನು ಅವನು ಬರೆದುಕೊಳ್ಳಲಿಲ್ಲ.
ಮತ್ತೆ ಬರಲೂ ಇಲ್ಲ.

ಅದಕ್ಕೇ, ಆಂಟಾಪ್ ಹಿಲ್‌ನಿಂದ ಶಗುಫ್ತಾ
ಒಂದೇ ಇಸವಿಯ ನಾಲ್ಕು ರೂಪಾಯಿ ಹಿಡಿದು ಬಂದು
"ಯಾವುದು ಹೆಚ್ಚಿನದು?" ಅಂದಾಗ
ಭೂತಗನ್ನಡಿ ಕೊಟ್ಟು ಕಿಟಕಿಯ ಹತ್ತಿರ ಕೂರಿಸಿ
ನಾನು ಒಗ್ಗರಣೆಗೆ ಹೋದೆ.
"ಎಲ್ಲಾ ಒಂದೇ."
ಸಾಸಿವೆ ಸಿಡಿಯಿತು.
"ಒಂದೇ ಆದರೆ ಒಂದು ಸಾಕಿತ್ತಲ್ಲ, ನಾಲ್ಕು ಯಾಕೆ ತಂದೆ?"
ಮುಖ ಊದಿಸಿಕೊಂಡೇ ಬಗ್ಗಿದಳು.
"ಇಸವಿಯ ಕೆಳಗೆ... ಇದರಲ್ಲಿ ವಜ್ರದ ಹಾಗೆ ಏನೋ.
ಇದರಲ್ಲಿ ನಕ್ಷತ್ರ. ಇದರಲ್ಲಿ ಚುಕ್ಕೆ."
"ನಾಲ್ಕನೆಯದು?"
"ಅದರಲ್ಲಿ ಏನೂ ಇಲ್ಲ."
"ಇಲ್ಲದ್ದನ್ನೂ ನೋಡಿದೆಯಲ್ಲ, ಭಲೆ!"
ಯಾವ ಗುರುತು ಯಾವ ಊರಿನ ಟಂಕಸಾಲೆಯದು
ಅಂತ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ,
ಸುಡುವ ತುತ್ತು ನುಂಗಿದ ಹಾಗೆ, ಕಣ್ಣಲ್ಲಿ ನೀರು.

ಮೂರು ವಾರ ಪತ್ತೆಯಿಲ್ಲ. ಇವಳೂ ಹೋದಳು ಅಂದುಕೊಂಡೆ,
ಹೇಳಿಬಿಡಬೇಕಿತ್ತು ಅಂದುಕೊಂಡೆ.
ನಾಲ್ಕನೇ ಭಾನುವಾರ ಏದುಸಿರು ಬಿಡುತ್ತ ಬಂದಳು.
ಅಪ್ಪನ ಪಾವಿನ ಅಂಗಡಿಯ ಗಲ್ಲೆ
ಮೂರು ವಾರ, ದಿನಾ ರಾತ್ರಿ, ನೆಲದ ಮೇಲೆ ಸುರಿದು
ಗುಂಪು ಮಾಡಿದ್ದಳಂತೆ, ತಮ್ಮನ ಬೈಗುಳ ತಿಂದು.
"ವಜ್ರವೇ ಜಾಸ್ತಿ ಕಾಕಾ, ಅರ್ಧಕ್ಕಿಂತ ಜಾಸ್ತಿ.
ವಜ್ರ ಇಲ್ಲಿಯದೇ ಇರಬೇಕು, ನಮ್ಮ ಮುಂಬಯಿಯದು. ಅಲ್ಲವಾ?"
ನಾನು ಹೂಂ ಅನ್ನಲಿಲ್ಲ.
ನಗು ಮಾತ್ರ ತಡೆಯಲಾಗಲಿಲ್ಲ, ಅದನ್ನೂ ಅವಳು ನೋಡಿದಳು.

ಆ ಖುಷಿಗೇ ಮಖಮಲ್ಲಿನ ಡಬ್ಬಿ ತೆಗೆದದ್ದು.
ಎಲ್ಲರಿಗೂ ತೋರಿಸುವ, ಯಾರ ಕೈಗೂ ಕೊಡದ
ನನ್ನ ಬೆಳ್ಳಿ ರೂಪಾಯಿ; ಮದುವೆಯ ವಾಚು ಮಾರಿ ಕೊಂಡದ್ದು.
ಹಿಡಿ, ಅಂದೆ.
ನಾನು ಕಲಿಸಿದ ಹಾಗೇ ತಿರುಗಿಸಿದಳು:
ಮುಖ, ಬೆನ್ನು, ಆಮೇಲೆ ಉಗುರಿನಿಂದ ಅಂಚು.
"ಇಲ್ಲಿ ಸುತ್ತ ಒಂದು ಗೆರೆ ಇದೆಯಲ್ಲ ಕಾಕಾ,
ಹೊಲಿಗೆಯ ಹಾಗೆ. ಯಾಕೆ?"

ಕೆಳಗೆ ಬಸ್ಸೊಂದು ನಿಂತು, ಎರಡು ಗಂಟೆ ಬಾರಿಸಿ ಹೊರಟಿತು.
ಮೂವತ್ತೆಂಟು ವರ್ಷ ಅದರ ಮುಖ ನೋಡಿದ್ದೆ, ಬೆನ್ನು ನೋಡಿದ್ದೆ.

"ಯಾಕೆ ಕಾಕಾ?"

ಕಿಟಕಿಯ ಇನ್ನೊಂದು ಕದವನ್ನೂ ತೆರೆದೆ.
ತಕ್ಕಡಿ ಅವಳ ಕಡೆಗೆ ಸರಿಸಿದೆ.
"ನೀನೇ ನೋಡಿ ಹೇಳು," ಅಂದೆ,
"ಅವಸರವಿಲ್ಲ."